ಕಣಿವೆ ದಾಟಿದ ಕವಣೆಕಲ್ಲು

ಅಬಾಂಕಾಯ್ ಊರಿಗೆ ಹೋಗುವ ಬಸ್ಸಿನ ಸಾಲಿನಲ್ಲಿ ನಿಂತಿದ್ದ ಸೆವೆರೀನಾಗೆ ಮುಂದಿನ ಇಬ್ಬರು ಹೆಂಗಸರ ಮಾತು ಕಿವಿಗೆ ಬಿತ್ತು. ಅವರಲ್ಲಿ ಒಬ್ಬಳು ಮುದುಕಿ; ಅವಳ ಸೊಂಟದಲ್ಲಿ ಕುರಿ ಕಾಯುವವರ ಕವಣೆ ಇತ್ತು.

"ಕಣಿವೆ ಆಚೆಗೆ ಫೋನಿನ ತಂತಿ ದಾಟಿಸಿದ್ದು ನೀವಂತೆ, ಹೌದಾ ಅಜ್ಜಿ?"

"ತಂತಿ ಎಳೆಯೋಕೆ ಬಂದ ಗಂಡಸರು ಮೂರು ದಿನ ಹಗ್ಗ ಎಸೆದರು ಕಣೇ, ಎಲ್ಲಾ ಹೊಳೆಪಾಲು. ನಾನು ಕಲ್ಲಿಗೆ ಉಣ್ಣೆದಾರ ಕಟ್ಟಿ ಕವಣೆ ಬೀಸಿದೆ."

"ಒಂದೇ ಏಟಿಗೆ?"

"ಬೆಟ್ಟದಪ್ಪನಾಣೆ, ಒಂದೇ ಏಟಿಗೆ! ದಾರದ ಹಿಂದೆ ಹಗ್ಗ ಹೋಯ್ತು, ಹಗ್ಗದ ಹಿಂದೆ ತಂತಿ."

"ಮೊದಲ ಫೋನು ಆಚೆ ದಡದ ನಿಮ್ಮ ತಂಗೀದಂತೆ?"

"ಹೂಂ. ಇಬ್ಬರಿಗೂ ಮಂಡಿನೋವು, ಮುಖ ನೋಡಿ ಹನ್ನೆರಡು ವರ್ಷ. ದನಿ ಕೇಳಿ ಅಳುವೇ ಬಂತು."

"ಏನಂದ್ರು?"

"'ಅಕ್ಕಾ, ಹಬ್ಬಕ್ಕಿಟ್ಟಿದ್ದ ನನ್ನ ಹೆಂಡದ ಗಡಿಗೆ ಒಡೆದೆಯಲ್ಲೇ' ಅಂದಳು."

"ಅಯ್ಯೋ! ನೀವು?"

"ನಾನಲ್ಲ ಅಂದೆ. 'ಸುಳ್ಳಿ! ಗಡಿಗೆ ಮೇಲೆ ಬಿದ್ದ ಕಲ್ಲಿನ ದಾರ ಎಡಕ್ಕೆ ಹೊಸೆದಿದೆ. ಅವ್ವ ಹಾಗೆ ಹೊಸೆಯೋದು ಕಲಿಸಿದ್ದು ನಮ್ಮಿಬ್ಬರಿಗೇ' ಅಂದುಬಿಟ್ಟಳು."

"ಈಗ ಎಲ್ಲಿಗೆ ಹೊರಟಿರಿ?"

"ಅವಳ ಹತ್ರಾನೇ. ಬಸ್ಸಲ್ಲಿ ಬಳಸಿ ಹೋದರೆ ಎರಡು ದಿನ."

ಬಸ್ಸು ಬಂತು. ಸೆವೆರೀನಾ ಹಿಂದಿನಿಂದ ನುಗ್ಗಿದಳು. ಮುದುಕಿ ಗದರಿದಳು:

"ಮೆಲ್ಲಗೆ ತಾಯೀ, ಬೆನ್ನ ಮೇಲಿನ ಗಂಟಿನಲ್ಲಿ ಹೊಸ ಗಡಿಗೆ ಇದೆ!"