ವೃತ್ತದಿಂದ ಕಾರನ್ನು ಹೊರಗೆ ತಂದವರು ಯಾರೆಂಬ ಬಗ್ಗೆ

ಹೆಸರು ಜರ್ಮೇನ್ ಮಿಶೋ, ಗಂಡ ರೋಲಾಂಡ್ ಮಿಶೋ, ವಯಸ್ಸು 58 ವರ್ಷ, ಶಾಲೆಯಲ್ಲಿ ಮಕ್ಕಳ ಊಟದ ಅಡುಗೆ ಕೆಲಸ, ವಾಸ ಮಿಲ್ ರಸ್ತೆ, ಎಲ್ಲಿಸ್ ಫಾಲ್ಸ್, ಮೇನ್ ರಾಜ್ಯ. ಬೋಸ್ಟನ್‌ನ ಉತ್ತರ ಹೊರವಲಯದ ಈ ಠಾಣೆಗೆ ನಾನು ಈ ಹೇಳಿಕೆಯ ಮೂಲಕ ತಿಳಿಸುವುದೇನೆಂದರೆ:

ಇಂದು ಮಧ್ಯಾಹ್ನ ಸ್ಥಳದಲ್ಲಿದ್ದ ಅಧಿಕಾರಿಗೆ ಕಾರು ಓಡಿಸಿದ್ದು ನಾನೇ ಎಂದು ಹೇಳಿದ್ದೆ. ಅದು ಸುಳ್ಳು. ನಡೆದದ್ದನ್ನು ಈಗ ಹೇಳುತ್ತಿದ್ದೇನೆ. ಕಾರು ನನ್ನ ಗಂಡನ ಹೆಸರಿನಲ್ಲಿದೆ. ಜೊತೆಯಲ್ಲಿದ್ದವನು ವೆಸ್ಲಿ ಥರ್ಲೋ, ವಯಸ್ಸು 28, ನಮ್ಮ ಊರಿನ ಮರದ ಅಡ್ಡೆಯಲ್ಲಿ ಹಲಗೆ ಜೋಡಿಸುವ ಕೆಲಸದವನು. ಈ ಹೇಳಿಕೆಯನ್ನು ಟೈಪ್ ಮಾಡುತ್ತಿರುವ ಅಧಿಕಾರಿ ಅವನನ್ನು ಆರೋಪಿ ಎಂದು ಬರೆದಿದ್ದರು. ಹೆಸರೇ ಬರೆಯಿರಿ ಎಂದು ಕೇಳಿಕೊಂಡ ಮೇಲೆ ತಿದ್ದಿದ್ದಾರೆ.

ವೆಸ್ಲಿ ನಿಮಗೆ ಏನಾಗಬೇಕು ಎಂದು ಅಧಿಕಾರಿ ಕೇಳಿದರು. ನನ್ನ ಒಬ್ಬನೇ ಮಗ ಲ್ಯೂಕ್ 1993ರ ನವೆಂಬರ್‌ನಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡನು. ಆಗ ಅವನಿಗೆ 23 ವರ್ಷ. ಕಾರು ಓಡಿಸುತ್ತಿದ್ದವನು ವೆಸ್ಲಿ. ಕುಡಿದಿದ್ದನು. ರಸ್ತೆಯ ಮೇಲೆ ಮಂಜುಗಡ್ಡೆ ಇತ್ತು, ಕಾರು ಮರಕ್ಕೆ ಹೊಡೆಯಿತು. ಇಬ್ಬರೂ ಒಂದನೆಯ ತರಗತಿಯಿಂದ ಸ್ನೇಹಿತರು. ಶಾಲೆಯ ಬೇಸ್‌ಬಾಲ್ ತಂಡದಲ್ಲಿ ಲ್ಯೂಕ್ ಚೆಂಡು ಎಸೆಯುವವನು, ವೆಸ್ಲಿ ಹಿಡಿಯುವವನು. ವೆಸ್ಲಿ ತಪ್ಪೊಪ್ಪಿಕೊಂಡು ಜೈಲಿಗೆ ಹೋದನು. ಅರ್ಧ ಶಿಕ್ಷೆ ಮುಗಿಸಿ 1996ರಲ್ಲಿ ಷರತ್ತಿನ ಮೇಲೆ ಹೊರಗೆ ಬಂದನು. ಕುಡಿಯಬಾರದು, ವಾಹನ ಓಡಿಸಬಾರದು, ಅನುಮತಿಯಿಲ್ಲದೆ ಮೇನ್ ರಾಜ್ಯ ಬಿಡಬಾರದು, ಮೃತನ ಮನೆಯವರನ್ನು ಮಾತಾಡಿಸಬಾರದು ಎಂಬವು ಷರತ್ತುಗಳು. ಇವು ನನಗೆ ಮೊದಲಿನಿಂದಲೂ ಗೊತ್ತಿದ್ದವು.

ಹೊರಗೆ ಬಂದ ವರ್ಷ ಚರ್ಚಿನ ಶನಿವಾರದ ಊಟಕ್ಕೆ ಅವನು ಬಂದಿದ್ದನು. ಬಡಿಸುತ್ತಿದ್ದವಳು ನಾನೆಂದು ಸಾಲಿನಲ್ಲಿ ಹತ್ತಿರ ಬರುವವರೆಗೆ ಅವನಿಗೆ ತಿಳಿದಿರಲಿಲ್ಲ. ಇಡೀ ಹಜಾರದಲ್ಲಿ ಚಮಚದ ಸದ್ದು ನಿಂತಿತು. ಅವನು ತಟ್ಟೆ ಇಟ್ಟು ಹೊರಡಲು ತಿರುಗಿದನು. ನಾನು ಅವನ ತಟ್ಟೆಗೆ ಬೀನ್ಸ್ ಹಾಕಿ, ಇನ್ನೊಂದು ಸೌಟು ಬೇಕಾ ಎಂದು ಕೇಳಿದೆ. ಅವನು ತಲೆಯಾಡಿಸಿದನು. ಬೇಕೆಂದೋ ಬೇಡವೆಂದೋ ತಿಳಿಯಲಿಲ್ಲ, ಹಾಕಿದೆ.

ಆ ಚಳಿಗಾಲ ಅವನು ಆಲಿಕಲ್ಲು ಮಳೆಯಲ್ಲಿ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದಾಗ ನಾನು ಕಾರು ನಿಲ್ಲಿಸಿದೆ. ಅವನು ನನ್ನ ಮುಖ ನೋಡದೆ, "ನಿಮ್ಮ ಹತ್ರ ಮಾತಾಡಂಗಿಲ್ಲ, ಮಿಶೋ ಅಮ್ಮ," ಎಂದನು. "ನೀನು ಮಾತಾಡ್ಬೇಡ. ನಾನು ಮಾತಾಡ್ತೀನಿ. ಹತ್ತು," ಎಂದೆ. ಅವನು ಹಿಂದಿನ ಸೀಟಿನಲ್ಲಿ ಕುಳಿತನು. ಆ ಮೇಲೆ ಎಷ್ಟು ಸಲ ನನ್ನ ಕಾರಿನಲ್ಲಿ ಬಂದರೂ ಮುಂದೆ ಕೂತವನಲ್ಲ.

ಏಕೆ ಸಂಪರ್ಕ ಇಟ್ಟುಕೊಂಡಿರಿ ಎಂಬ ಪ್ರಶ್ನೆಗೆ ನನ್ನ ಉತ್ತರ ಇದು. ನಮ್ಮ ಊರಿನಲ್ಲಿ ಲ್ಯೂಕ್‌ನ ಹೆಸರು ಎತ್ತುವವರು ಯಾರೂ ಇರಲಿಲ್ಲ. ನನ್ನನ್ನು ಕಂಡರೆ ಜನ ಹವಾಮಾನದ ಮಾತಾಡುತ್ತಾರೆ. ನನ್ನ ಗಂಡ ಮಣ್ಣು ಮಾಡಿ ಬಂದ ದಿನವೇ ಅಡುಗೆಮನೆಯ ರೇಡಿಯೊವನ್ನು ಕೊಟ್ಟಿಗೆಗೆ ಒಯ್ದರು. ಅದರಲ್ಲಿ ಬೇಸ್‌ಬಾಲ್ ಆಟದ ವಿವರಣೆ ಬರುತ್ತಿತ್ತು. ಅಂದಿನಿಂದ ಅವರ ಬಾಯಲ್ಲಿ ಮಗನ ಹೆಸರು ಬಂದಿಲ್ಲ. ಲ್ಯೂಕ್‌ನ ಬಗ್ಗೆ ನನಗೆ ಗೊತ್ತಿಲ್ಲದ ಸಂಗತಿಯನ್ನು ಹೇಳಬಲ್ಲವನು ವೆಸ್ಲಿ ಒಬ್ಬನೇ. ಒಂದು ಸಂಗತಿ ಕೇಳಿದ ವಾರ ನಾನು ನಿದ್ದೆ ಮಾಡುತ್ತಿದ್ದೆ.

ಇಬ್ಬರೂ ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಬೋಸ್ಟನ್‌ಗೆ ಆಟ ನೋಡಲು ಹೋಗುತ್ತಿದ್ದರು. ಮೊದಲ ಸಲ ತಪ್ಪು ನಿಲ್ದಾಣದಲ್ಲಿ ಇಳಿದು ಮೈದಾನದ ದಾರಿ ಬಿಟ್ಟು ನದಿಯ ದಂಡೆಗುಂಟ ನಡೆದರಂತೆ. ಯಾರನ್ನಾದರೂ ಕೇಳೋಣ ಎಂದು ವೆಸ್ಲಿ ಅಂದರೆ, ಹಳ್ಳಿ ಗಮಾರರು ಅಂದ್ಕೋತಾರೆ, ಸುಮ್ನೆ ಗತ್ತಿನಿಂದ ನಡಿ, ಎಂದು ಲ್ಯೂಕ್ ಗದರಿಸಿದನಂತೆ. ಮುಟ್ಟುವ ಹೊತ್ತಿಗೆ ಆಟ ಅರ್ಧ ಮುಗಿದಿತ್ತಂತೆ. ಮನೆಗೆ ಬಂದು ಲ್ಯೂಕ್ ಮೊದಲ ಚೆಂಡಿನಿಂದ ಎಲ್ಲವನ್ನೂ ನನಗೆ ಬಣ್ಣಿಸಿದ್ದನು. ಅದರಲ್ಲಿ ಅರ್ಧ ಕಟ್ಟಿದ ಕಥೆ ಎಂದು ನನಗೆ ತಿಳಿದದ್ದು ಈ ವರ್ಷ. ಅಮ್ಮಾ ಒಂದು ಸಲ ನೀನೂ ಬಾ ಎಂದು ಅವನು ಪ್ರತಿ ವರ್ಷ ಕರೆಯುತ್ತಿದ್ದನು. ಆ ಊರಿನ ರಸ್ತೆಗಳೆಂದರೆ ನನಗೆ ಭಯ. ಮುಂದಿನ ವರ್ಷ ನೋಡೋಣ ಎನ್ನುತ್ತಿದ್ದೆ.

ಈ ಜೂನ್ ತಿಂಗಳಲ್ಲಿ ನಾನು ಅಂಚೆಯ ಮೂಲಕ ಎರಡು ಟಿಕೆಟ್ ತರಿಸಿದೆ. ಅವರು ಕೂರುತ್ತಿದ್ದ ಸಾಲು ಯಾವುದೆಂದು ವೆಸ್ಲಿಯಿಂದಲೇ ಕೇಳಿ ತಿಳಿದಿದ್ದೆ. ಜೊತೆಗೆ ಬಾ ಎಂದಾಗ ಅವನು ಸಾಧ್ಯವಿಲ್ಲ ಎಂದನು. ತನ್ನ ಮೇಲೆ ನಿಗಾ ಇಡುವ ಅಧಿಕಾರಿಯ ಬಳಿ ಅನುಮತಿ ಕೇಳಿದರೆ ಯಾರ ಜೊತೆ ಎಂದು ಕೇಳುತ್ತಾರೆ ಎಂದನು. ನಾನು ಬಿಡಲಿಲ್ಲ. ಮೂರು ವಾರ ಪೀಡಿಸಿದೆ. ಕೊನೆಗೆ, ನೀನು ಬರದಿದ್ದರೆ ಒಬ್ಬಳೇ ಹೋಗಿ ಎಲ್ಲಾದರೂ ಗುದ್ದಿಸಿಕೊಳ್ಳುತ್ತೇನೆ ಎಂದೆ. ಆ ಮಾತನ್ನು ಅವನಿಗೆ ಹೇಳಬಾರದಿತ್ತು. ಅವನು ಒಪ್ಪಿದನು.

ಇಂದು ಬೆಳಿಗ್ಗೆ 9-30ಕ್ಕೆ ಹೊರಟೆವು. ಗಂಡನಿಗೆ ಪೋರ್ಟ್‌ಲ್ಯಾಂಡ್‌ನಲ್ಲಿರುವ ತಂಗಿಯ ಮನೆಗೆ ಹೋಗುತ್ತೇನೆ ಎಂದಿದ್ದೆ. ನಕಾಶೆ ನೋಡಿ ದಾರಿ ಹೇಳಬೇಕಾದ್ದರಿಂದ ಮುಂದೆಯೇ ಕೂರಬೇಕೆಂದು ವೆಸ್ಲಿಗೆ ಹೇಳಿದೆ. ಅವನು ಎರಡು ಕೈಗಳನ್ನೂ ಮಂಡಿಗಳ ನಡುವೆ ಇಟ್ಟುಕೊಂಡು ಕುಳಿತನು. ರಾಜ್ಯದ ಗಡಿಯ ಸೇತುವೆಗೆ ಮುಂಚೆ ಕಾರು ನಿಲ್ಲಿಸಲು ಕೇಳಿದನು. ಇಳಿದು ನದಿ ನೋಡುತ್ತಾ ನಿಂತನು. ಇದನ್ನು ದಾಟಿದರೆ ತಪ್ಪಾಗುತ್ತದೆ ಎಂದನು. "ದಾಟೋಳು ನಾನು. ನೀನು ಸುಮ್ನೆ ಕೂತಿರು," ಎಂದೆ. ನಕ್ಕು ಹತ್ತಿದನು. ಇಂದು ಅವನು ನಕ್ಕದ್ದು ಅದೊಂದೇ ಸಲ.

ನಗರಕ್ಕೆ ಮುಂಚೆ ಪೆಟ್ರೋಲ್ ಹಾಕಿಸಿದೆವು. ಬಂಕಿನವನು ಕಾರಿನ ನಂಬರು ನೋಡಿ, "ಮೇನ್‌ನಿಂದ ಬಂದ್ರಾ? ಆಟಕ್ಕಾ? ಕಾರು ಒಳಗೆ ತಗೊಂಡು ಹೋಗ್ಬೇಡಿ ತಾಯಿ. ಇಲ್ಲಿ ಹಿಂದೆ ಹಸುಗಳು ಎಲ್ಲೆಲ್ಲಿ ಅಡ್ಡಾಡಿದ್ವೋ ಅಲ್ಲೆಲ್ಲ ಟಾರು ಬಳಿದು ರಸ್ತೆ ಅಂದವ್ರೆ," ಎಂದನು. ಮೆಟ್ರೊ ರೈಲಿನ ಕೊನೆಯ ನಿಲ್ದಾಣದಲ್ಲಿ ಕಾರು ಬಿಟ್ಟು ರೈಲು ಹಿಡಿಯುವುದೆಂದು ನಾವೂ ಯೋಚಿಸಿದ್ದೆವು. ಲ್ಯೂಕ್ ಮತ್ತು ವೆಸ್ಲಿ ಹಾಗೆಯೇ ಮಾಡುತ್ತಿದ್ದರು.

ಅಲ್ಲಿಂದ ಹೊರಟ ಮೇಲೆ ನಾನು ವೆಸ್ಲಿಯನ್ನು ಒಂದು ಪ್ರಶ್ನೆ ಕೇಳಿದೆ. ಅಷ್ಟು ವರ್ಷದಲ್ಲಿ ಕೇಳಿರಲಿಲ್ಲ. ಮೈದಾನದಲ್ಲಿ ಕೇಳಬೇಕೆಂದಿದ್ದೆ. ಅಲ್ಲಿ ಸಾವಿರಾರು ಜನ ಕೂಗುತ್ತಿರುವಾಗ ಒಬ್ಬ ಹೆಂಗಸು ಅತ್ತರೆ ಯಾರೂ ತಿರುಗಿ ನೋಡುವುದಿಲ್ಲ ಎಂದುಕೊಂಡಿದ್ದೆ. ಆದರೆ ತಡೆಯಲಾಗಲಿಲ್ಲ. ಆಂಬುಲೆನ್ಸ್ ಬರುವವರೆಗೆ ಲ್ಯೂಕ್‌ಗೆ ಪ್ರಜ್ಞೆ ಇತ್ತೇ, ಏನಾದರೂ ಹೇಳಿದನೇ ಎಂದು ಕೇಳಿದೆ.

ವೆಸ್ಲಿ ನಕಾಶೆಯನ್ನು ಮಡಚಿ ಮಂಡಿಯ ಮೇಲಿಟ್ಟನು. ನಂತರ ಹೇಳಿದನು. ಪ್ರಜ್ಞೆ ಇತ್ತು. ಮೊದಲು, ನಿನಗೇನಾಯ್ತೋ ಎಂದು ಕೇಳಿದನಂತೆ. ತನಗೇನೂ ಆಗಿಲ್ಲವೆಂದು ವೆಸ್ಲಿ ಹೇಳಿದನಂತೆ. ಆಗ ಲ್ಯೂಕ್ ಹೇಳಿದ್ದನ್ನು ವೆಸ್ಲಿ ಹೇಳಿದ ಹಾಗೆಯೇ ಬರೆಸುತ್ತಿದ್ದೇನೆ: "ಪೊಲೀಸ್ರು ಬಂದ್ರೆ ನಾನೇ ಓಡಿಸ್ತಿದ್ದೆ ಅನ್ನು. ನೀನು ಕುಡಿದಿದ್ದೀಯ, ನಿನ್ನ ಒಳಗೆ ಹಾಕ್ತಾರೆ. ನಂಗೇನು ಮಾಡ್ತಾರೆ? ನಮ್ಮಮ್ಮ ಸ್ವಲ್ಪ ಬೈತಾಳೆ. ಆಮೇಲೆ ಊಟಕ್ಕಿಡ್ತಾಳೆ."

ಬೇಡ ಎಂದು ವೆಸ್ಲಿ ಹೇಳಿದನಂತೆ. ಲ್ಯೂಕ್ ಮತ್ತೆ ಮಾತಾಡಲಿಲ್ಲವಂತೆ.

ಅದನ್ನು ಕೇಳಿದ ಮೇಲೆ ಎಷ್ಟು ದೂರ ಕಾರು ಓಡಿಸಿದೆನೋ ಹೇಳಲಾರೆ. ಮಧ್ಯಾಹ್ನ ಸುಮಾರು 2-20ಕ್ಕೆ ಆ ದೊಡ್ಡ ವೃತ್ತದೊಳಗೆ ಹೋಗಿದ್ದೆ. ವೆಸ್ಲಿ ಎರಡನೆಯ ದಾರಿಗೆ ಹೊರಳಿ ಎಂದನು. ನಾನು ಹೊರಳಲಿಲ್ಲ. ಒಳಗಿನ ಸಾಲಿನಲ್ಲಿ ಸುತ್ತಿದೆ, ಮತ್ತೆ ಸುತ್ತಿದೆ. ಮೂರನೆಯ ಸುತ್ತಿನಲ್ಲಿ ಕಣ್ಣು ಮಂಜಾಗಿ ಬ್ರೇಕ್ ಒತ್ತಿದೆ. ಕಾರು ನಿಂತಿತು. ಕಾಲು ಎತ್ತಲು ಬರಲಿಲ್ಲ. ಹಿಂದಿನಿಂದ ಹಾರ್ನ್‌ಗಳು ಶುರುವಾದವು. ಒಬ್ಬನು ಕಿಟಕಿ ಇಳಿಸಿ, "ಏನಜ್ಜೀ, ಇಲ್ಲೇ ಮನೆ ಕಟ್ತೀಯಾ?" ಎಂದು ಕೂಗಿ ಹೋದನು. ಒಂದು ಲಾರಿ ನಮ್ಮನ್ನು ತಪ್ಪಿಸಲು ಹೋಗಿ ಟೈರು ಉಜ್ಜಿಕೊಂಡು ನಮ್ಮ ಬಾಗಿಲಿನಿಂದ ಒಂದು ಗಜ ದೂರದಲ್ಲಿ ನಿಂತಿತು.

ವೆಸ್ಲಿ, "ಮಿಶೋ ಅಮ್ಮ, ಕಾಲು ತೆಗೀರಿ. ನಿಧಾನಕ್ಕೆ. ನಾನು ಹೇಳ್ತೀನಿ, ಹಾಗೇ ಮಾಡಿ," ಎಂದನು. ಆಗುವುದಿಲ್ಲ ಎಂದೆ. ಇನ್ನೊಂದು ಲಾರಿ ಬಂತು. ಆಗ ಅವನು ಇಳಿದು, ವಾಹನಗಳಿಗೆ ಕೈ ಅಡ್ಡ ಹಿಡಿದು ಸುತ್ತಿ ಬಂದು ನನ್ನ ಕಡೆಯ ಬಾಗಿಲು ತೆಗೆದನು. ಸ್ಟಿಯರಿಂಗ್ ಅನ್ನು ನೋಡುತ್ತಾ ನಿಂತನು. ಹಾವನ್ನು ನೋಡುವವರ ಹಾಗೆ ನೋಡಿದನು. ನಂತರ ನನ್ನನ್ನು ಪಕ್ಕದ ಸೀಟಿಗೆ ಸರಿಸಿ ಕುಳಿತನು.

ವೃತ್ತದಿಂದ ಹೊರಗೆ ಬಂದು ಡೋನಟ್ ಅಂಗಡಿಯ ಅಂಗಳದಲ್ಲಿ ಕಾರು ನಿಲ್ಲಿಸಿದನು. ದೂರ ಸುಮಾರು 200 ಗಜ. ವೇಗ ಗಂಟೆಗೆ ಹತ್ತು ಮೈಲಿಗಿಂತ ಹೆಚ್ಚಿರಲಿಲ್ಲ. ಸಿಗ್ನಲ್ ದೀಪ ಹಾಕಿದ್ದನು. ಅಷ್ಟೂ ದೂರ ಅವನ ಹಲ್ಲು ಕಟಕಟ ಎನ್ನುತ್ತಿತ್ತು. ಎಂಜಿನ್ ಆರಿಸಿ, ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟು, ಇಳಿದು ಕಸದ ಡಬ್ಬಿಯ ಪಕ್ಕದಲ್ಲಿ ವಾಂತಿ ಮಾಡಿಕೊಂಡನು.

ಅಂಗಡಿಯಲ್ಲಿ ಕಾಫಿ ತೆಗೆದುಕೊಳ್ಳುತ್ತಿದ್ದ ಪೊಲೀಸ್ ಅಧಿಕಾರಿ ಹೊರಗೆ ಬಂದರು. ಅವರು ಬೈಯಲಿಲ್ಲ. ಯಾರಿಗಾದರೂ ಹುಷಾರಿಲ್ಲವೇ ಎಂದು ಕೇಳಿ ವೆಸ್ಲಿಗೆ ನೀರು ತಂದುಕೊಟ್ಟರು. ಆಮೇಲೆ ಓಡಿಸಿದವರು ಯಾರು ಎಂದರು. ನಾನೇ ಎಂದೆ.

"ಇಲ್ಲ ಸಾರ್, ನಾನು," ಎಂದನು ವೆಸ್ಲಿ. "ನನಗೆ ಲೈಸೆನ್ಸ್ ಇಲ್ಲ. ಮೇನ್ ಬಿಟ್ಟು ಬರೋಕೆ ಅನುಮತೀನೂ ಇಲ್ಲ."

ನಾನು ಅವನಿಗೆ ತಲೆ ಸರಿಯಿಲ್ಲ, ಹುಚ್ಚುಹುಚ್ಚಾಗಿ ಮಾತಾಡುತ್ತಾನೆ, ನಂಬಬೇಡಿ ಎಂದು ಅಧಿಕಾರಿಯ ತೋಳು ಹಿಡಿದುಕೊಂಡೆ. ಹಾಗೆ ಹಿಡಿದದ್ದಕ್ಕೆ ಕ್ಷಮೆ ಕೇಳುತ್ತೇನೆ. ವೆಸ್ಲಿ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದನು: "ಬೇಡ ಮಿಶೋ ಅಮ್ಮ. ಅವತ್ತು ಅವನಿಗೂ ಬೇಡ ಅಂದೆ."

ಇವರು ನಿನಗೆ ಏನಾಗಬೇಕು ಎಂದು ವೆಸ್ಲಿಯನ್ನು ಅಧಿಕಾರಿ ಕೇಳಿದರು. ವೆಸ್ಲಿ, ನಾನು ಕೊಂದವನ ತಾಯಿ ಎಂದನು. ಅಧಿಕಾರಿ ಟೋಪಿ ತೆಗೆದರು. ಆದರೂ ಕೈಕೋಳ ಹಾಕಿದರು. ಹಾಕುವಾಗ ಬಿಗಿಯಾಯಿತೇ ಎಂದು ಕೇಳಿದರು.

ಅವನಿಗೆ ಮುಂದೆ ಏನಾಗುತ್ತದೆ ಎಂದು ಠಾಣೆಯಲ್ಲಿ ಕೇಳಿದೆ. ಮೇನ್‌ಗೆ ಒಪ್ಪಿಸುತ್ತಾರೆ, ಉಳಿದ ಶಿಕ್ಷೆಯನ್ನು ಒಳಗೇ ಮುಗಿಸಬೇಕಾಗಬಹುದು, ನ್ಯಾಯಾಧೀಶರಿಗೆ ಬಿಟ್ಟದ್ದು ಎಂದರು. ಈಗ ಅವನನ್ನು ನೋಡಬಹುದೇ ಎಂದೆ. ಇಲ್ಲ, ಇಂದು ನೋಡುವಂತಿಲ್ಲ, ಮುಂದೆ ಪತ್ರವೂ ಬರೆಯುವಂತಿಲ್ಲ, ಆ ಷರತ್ತು ಇರುವುದು ನಿಮ್ಮ ರಕ್ಷಣೆಗಾಗಿ ಎಂದು ವಿವರಿಸಿದರು. ಆ ರಕ್ಷಣೆ ನನಗೆ ಬೇಡ ಎಂದು ಇಲ್ಲಿ ಬರೆಸುತ್ತಿದ್ದೇನೆ. ಅವನನ್ನು ಕರೆತಂದವಳು ನಾನು. ಸೇತುವೆಯ ಬಳಿ ಅವನು ಇಳಿದಾಗ ಮತ್ತೆ ಹತ್ತಿಸಿಕೊಂಡವಳು ನಾನು. ಅವನು ಸ್ಟಿಯರಿಂಗ್ ಹಿಡಿಯದಿದ್ದರೆ ಈ ಹೇಳಿಕೆ ಕೊಡಲು ನಾನು ಇರುತ್ತಿರಲಿಲ್ಲ. ಇದನ್ನು ಓದುವ ನ್ಯಾಯಾಧೀಶರು ಯಾರೇ ಇರಲಿ, ತೀರ್ಪಿಗೆ ಮುಂಚೆ ನನ್ನನ್ನು ಕರೆಸಬೇಕೆಂದು ಬೇಡಿಕೊಳ್ಳುತ್ತೇನೆ.

ಸಂಜೆ 5-15ಕ್ಕೆ ಒಬ್ಬ ಅಧಿಕಾರಿ ಒಳಗಿನಿಂದ ಬಂದು, ವೆಸ್ಲಿ ಹೇಳಿಕಳಿಸಿದ್ದಾನೆ ಎಂದರು. ನಾನು ಇಂದು ಕಾರು ಮುಟ್ಟಬಾರದಂತೆ, ಗಂಡನನ್ನು ಕರೆಸಿಕೊಳ್ಳಬೇಕಂತೆ, ಊಟ ಮಾಡಬೇಕಂತೆ.

ಠಾಣೆಯ ಫೋನಿನಿಂದ ಮನೆಗೆ ಫೋನ್ ಮಾಡಿದೆ. ಗಂಡ ಎತ್ತಿದರು. ನಾನು ಪೋರ್ಟ್‌ಲ್ಯಾಂಡ್‌ನಲ್ಲಿ ಇಲ್ಲ ಎಂದೆ. ಎಲ್ಲಿದ್ದೇನೆ, ಯಾರ ಜೊತೆ ಬಂದೆ, ಏನಾಯಿತು ಎಲ್ಲವನ್ನೂ ಹೇಳಿದೆ. ಅವರು ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಉಸಿರು ಮಾತ್ರ ಕೇಳುತ್ತಿತ್ತು. ಕೊನೆಯಲ್ಲಿ ಲ್ಯೂಕ್ ಮರದ ಕೆಳಗೆ ವೆಸ್ಲಿಗೆ ಹೇಳಿದ್ದನ್ನೂ ಹೇಳಿದೆ. ನಮ್ಮಮ್ಮ ಸ್ವಲ್ಪ ಬೈತಾಳೆ, ಆಮೇಲೆ ಊಟಕ್ಕಿಡ್ತಾಳೆ ಎಂದದ್ದನ್ನು ಹೇಳಿದೆ. ಆ ಕಡೆ ಕುರ್ಚಿ ಎಳೆದ ಸದ್ದಾಯಿತು. ಆಮೇಲೆ ಲೈನ್ ಕಡಿದುಹೋಯಿತೆಂದು ಇಡಲು ಹೊರಟಿದ್ದೆ.

"ಇನ್ನೊಂದ್ಸಲ ಹೇಳು," ಎಂದರು.

ಇನ್ನೊಂದು ಸಲ ಹೇಳಿದೆ. ನನ್ನ ಹಿಂದೆ ಫೋನಿಗಾಗಿ ಕಾಯುತ್ತಿದ್ದವರಿಗೆ ಅಧಿಕಾರಿ ಸ್ವಲ್ಪ ತಾಳಿ ಎಂದು ಕೈಮಾಡಿದರು. "ಲ್ಯೂಕ್ ಹಂಗಂದ್ನಾ?" ಎಂದು ನನ್ನ ಗಂಡ ಕೇಳಿದರು. ಹೌದು, ಲ್ಯೂಕ್ ಹಾಗಂದ ಎಂದೆ.

ಅವರು ನೆರೆಯವರ ಕಾರಿನಲ್ಲಿ ಹೊರಟಿದ್ದಾರೆ.

ಮೇಲೆ ಬರೆದದ್ದನ್ನು ಅಧಿಕಾರಿ ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ. ವೃತ್ತದಿಂದ ಹೊರಗೆ ಕಾರು ಓಡಿಸಿದವನು ವೆಸ್ಲಿ ಥರ್ಲೋ ಎಂಬುದು ಸತ್ಯ, ಉಳಿದದ್ದೂ ಅಷ್ಟೇ ಸತ್ಯ. ಯಾರ ಒತ್ತಾಯವೂ ಇಲ್ಲದೆ ರುಜು ಹಾಕಿದ್ದೇನೆ.

ಸ್ಥಳ: ಠಾಣೆ, ಬೋಸ್ಟನ್ ಉತ್ತರ ಹೊರವಲಯ
ದಿನಾಂಕ: 18 ಜುಲೈ 1998, ಶನಿವಾರ
(ರುಜು) ಜರ್ಮೇನ್ ಮಿಶೋ, ಲ್ಯೂಕ್‌ನ ತಾಯಿ