ಚಿಕ್ಕಬೈರಪ್ಪನವರ ಹೆಸರು ಕೊರೆದ ಬ್ಯಾಟರಿ

ಹೇಳಿಕೆ ಕೊಡುತ್ತಿರುವವನ ಹೆಸರು ಗುರುಸಿದ್ದ ಬಿನ್ ಲಕ್ಕಪ್ಪ, ವಯಸ್ಸು 36 ವರ್ಷ, ಕಸುಬು ಕಿಟಕಿ ಬಾಗಿಲುಗಳಿಗೆ ಸೊಳ್ಳೆ ಪರದೆ ಕೂರಿಸುವುದು, ಸ್ವಂತ ಊರು ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕು, ಹಾಲಿ ವಾಸ ತಾವರೆಕೆರೆ 4ನೇ ಅಡ್ಡರಸ್ತೆ, ಬಿ.ಟಿ.ಎಂ. 1ನೇ ಹಂತ, ಬೆಂಗಳೂರು. ಏಳನೇ ತರಗತಿಯನ್ನು ಅರ್ಧಕ್ಕೆ ಬಿಟ್ಟಿದ್ದೇನೆ. ಕನ್ನಡ ಓದಲು ಬರೆಯಲು ಬರುತ್ತದೆ. ಆದ್ದರಿಂದ ಠಾಣೆಯಲ್ಲೇ ಕಾಗದ ಕೇಳಿ ಪಡೆದು, ನನ್ನ ಕೈಯಿಂದಲೇ ಬರೆದು ಈ ಮೂಲಕ ತಿಳಿಸುವುದೇನೆಂದರೆ:

ಬಿಳೇಕಹಳ್ಳಿಯ ಬೈರವಾದ್ರಿ ಅಪಾರ್ಟ್‌ಮೆಂಟಿನ ಅಧ್ಯಕ್ಷರಾದ ಶ್ರೀ ಚಿಕ್ಕಬೈರಪ್ಪನವರು, ನಾನು ಅವರ ಎರಡು ಡ್ರಿಲ್ ಬ್ಯಾಟರಿಗಳನ್ನು ಕದ್ದಿದ್ದೇನೆಂದು ನಿನ್ನೆ ದೂರು ಕೊಟ್ಟಿದ್ದಾರೆ. ನನ್ನ ಡ್ರಿಲ್ ಮೆಷಿನ್ನು ಠಾಣೆಯಲ್ಲಿದೆ. ತಪ್ಪಾಯಿತು ಎಂದು ಬರೆದುಕೊಟ್ಟರೆ ದೂರೂ ವಾಪಸ್, ಮೆಷಿನ್ನೂ ವಾಪಸ್ ಎಂದು ಹೇಳಿದ್ದಾರೆ. ನಾನು ಬರೆದುಕೊಡುವುದಿಲ್ಲ. ಯಾಕೆಂದು ಮೊದಲಿನಿಂದ ಹೇಳುತ್ತೇನೆ. ಏನಾದರೂ ಬಿಟ್ಟುಹೋದರೆ ಆಮೇಲೆ ಮಾತು ಬದಲಿಸಿದ ಎಂದಾರು ಎಂಬ ಹೆದರಿಕೆ ಇರುವುದರಿಂದ ಸಣ್ಣಪುಟ್ಟದ್ದನ್ನೂ ಬರೆಯುತ್ತಿದ್ದೇನೆ.

ನನ್ನದು ವೈರ್ ಇಲ್ಲದ, ಬ್ಯಾಟರಿಯಲ್ಲಿ ಓಡುವ ಮೆಷಿನ್ನು. ನಾಲ್ಕು ವರ್ಷ ಹಳೆಯದು. ಮೆಷಿನ್ನು ಇನ್ನೂ ಗಟ್ಟಿ ಇದೆ. ಈ ವರ್ಷ ಸೆಪ್ಟೆಂಬರ್ ಕೊನೆಯಲ್ಲಿ ಬ್ಯಾಟರಿ ಸತ್ತಿತು. ಜಯನಗರ 4ನೇ ಬ್ಲಾಕಿನ ಒಂದು ಅಂಗಡಿಯಲ್ಲಿ ಕೇಳಿದೆ. ಕಂಪನಿ ಬ್ಯಾಟರಿಗೆ 5,400 ರೂಪಾಯಿ ಎಂದರು. ಇನ್ನೆರಡು ಸಾವಿರ ಹಾಕಿದರೆ ಬ್ಯಾಟರಿ ಸಮೇತ ಹೊಸ ಮೆಷಿನ್ನೇ ಬರುತ್ತದೆ ಎಂದೂ ಹೇಳಿದರು. ಹಾಗಾದರೆ ಚೆನ್ನಾಗಿರುವ ನನ್ನ ಮೆಷಿನ್ನನ್ನು ಏನು ಮಾಡಲಿ ಎಂದು ಕೇಳಿದ್ದಕ್ಕೆ, ಶೋಕೇಸಲ್ಲಿಡಿ ಅಂಕಲ್, ಸಖತ್ತಾಗಿರುತ್ತೆ ಎಂದು ನಕ್ಕರು. ನಾನು ನಗಲಿಲ್ಲ.

ಆಮೇಲೆ ಫೋನಿನಲ್ಲಿ ನೋಡಿ 1,350 ರೂಪಾಯಿಯ ಡೂಪ್ಲಿಕೇಟ್ ಬ್ಯಾಟರಿ ತರಿಸಿದೆ. ಹನ್ನೊಂದು ದಿನ ಓಡಿತು. ಹನ್ನೆರಡನೇ ದಿನ ಜೆ.ಪಿ. ನಗರದಲ್ಲಿ ಒಂದು ಮನೆಯ ಐದನೇ ಮಹಡಿ ಕಿಟಕಿಗೆ ಸ್ಕ್ರೂ ಹಾಕುವಾಗ ಬಿಸಿಯಾಗಿ ಸುಟ್ಟ ವಾಸನೆ ಬಂದು ನಿಂತುಹೋಯಿತು. ಅವತ್ತಿನಿಂದ ಬೇರೆಯವರ ವೈರ್ ಮೆಷಿನ್ನು ಬೇಡಿ ತಂದು ಕೆಲಸ ಮಾಡಿದೆ.

ಸತ್ತ ಆ ಎರಡು ಬ್ಯಾಟರಿಗಳನ್ನು ತಿಲಕ್ ನಗರದಲ್ಲಿ ರಿಪೇರಿ ಅಂಗಡಿ ಇಟ್ಟುಕೊಂಡಿರುವ ತಿರುಮಲೇಶ ಎಂಬುವವರ ಹತ್ತಿರ ಒಯ್ದೆ. ಅವರು ಬಿಚ್ಚಿ ನೋಡಿ, ಒಳಗೆ ಹತ್ತು ಸೆಲ್ಲುಗಳು ಇರುತ್ತವೆ, ನಿನ್ನವು ದುಡಿದು ದುಡಿದು ಎಲ್ಲವೂ ಹೋಗಿವೆ ಎಂದರು. ಮನೆಯವರು ಬಳಸಿ ಬಿಟ್ಟದ್ದು ಸಿಕ್ಕರೆ ತಾ ಎಂದೂ ಹೇಳಿದರು. ಅವರ ಮಾತು ಹೀಗಿತ್ತು: ದೊಡ್ಡೋರು ವರ್ಷಕ್ಕೆ ಎರಡ್ಸಲ ಮೆಷಿನ್ ಹಿಡೀತಾರೆ ಗುರು, ಆಮೇಲೆ ಚಾರ್ಜ್ ಮಾಡ್ದೆ ಮೂಲೇಗೆ ಹಾಕ್ತಾರೆ, ಚಾರ್ಜರ್ ಕೆಂಪ್ ಲೈಟ್ ತೋರ್ಸಿದ್ ತಕ್ಷಣ ಸತ್ತೋಯ್ತು ಅಂತಾರೆ. ಒಳಗೆ ಎರಡ್ಮೂರು ಸೆಲ್ ಹೋಗಿರುತ್ತೆ ಅಷ್ಟೇ. ಅಂಥವು ಎರಡು ತಾ, ಒಂದು ಮಾಡಿ ಕೊಡ್ತೀನಿ.

ನನ್ನ ಸತ್ತ ಬ್ಯಾಟರಿಗಳನ್ನು ಕೋಣೆಯಲ್ಲಿ ಇಡಲು ಹೆಂಡತಿ ಮಧುಮತಿ ಬಿಡಲಿಲ್ಲ. ಕಸದ ಗಾಡಿಗೆ ಹಾಕಿದರೆ ಬೆಂಕಿ ಹತ್ತೀತೆಂದು ನನಗೇ ಧೈರ್ಯ ಬರಲಿಲ್ಲ. ಹೀಗಾಗಿ ಇಪ್ಪತ್ತು ದಿನಕ್ಕೂ ಹೆಚ್ಚು ಅವನ್ನು ಚೀಲದಲ್ಲೇ ಹೊತ್ತುಕೊಂಡು ತಿರುಗಿದೆ.

ದಿನಾಂಕ 8-11-2025ರ ಶನಿವಾರ ಬೆಳಿಗ್ಗೆ 10:10ಕ್ಕೆ ಬೈರವಾದ್ರಿ ಅಪಾರ್ಟ್‌ಮೆಂಟಿನ 206ನೇ ಮನೆಯ ಕೆಲಸಕ್ಕೆ ಹೋದೆ. ಅಲ್ಲಿ ಕೆಲಸದವರು ಒಳಗೆ ಹೋಗುವಾಗ ಚೀಲದ ಸಾಮಾನನ್ನು ಗೇಟಿನ ಪುಸ್ತಕದಲ್ಲಿ ಬರೆಸಬೇಕು. ಹೊರಗೆ ಬರುವಾಗ ಅಷ್ಟೇ ಇರಬೇಕು, ಒಂದೂ ಹೆಚ್ಚಾಗಬಾರದು. ಗೇಟಿನ ಸೆಕ್ಯುರಿಟಿ ದ್ಯಾಮಣ್ಣನವರು ಚೀಲ ಬಿಚ್ಚಿಸಿ, ಡ್ರಿಲ್ 1, ಬ್ಯಾಟರಿ 2, ಏಣಿ 1 ಎಂದು ಬರೆದುಕೊಂಡರು.

ಮಧ್ಯಾಹ್ನ 2:40ಕ್ಕೆ ಕೆಲಸ ಮುಗಿಸಿ ಕೆಳಗೆ ಬಂದೆ. ಲಿಫ್ಟಿನಿಂದ ಹತ್ತು ಹೆಜ್ಜೆ ದೂರದಲ್ಲಿ ಒಂದು ನೀಲಿ ಡಬ್ಬವಿದೆ. ಬೇಡವಾದ ಎಲೆಕ್ಟ್ರಾನಿಕ್ ವಸ್ತುಗಳನ್ನು ಇದರಲ್ಲಿ ಹಾಕಿ ಎಂದು ಅದರ ಮೇಲೆ ಬರೆದಿದೆ. ನನ್ನವನ್ನು ಹಾಕೋಣವೆಂದು ಮುಚ್ಚಳ ತೆಗೆದೆ. ಒಳಗೆ ನನ್ನ ಮೆಷಿನ್ನಿನ ಕಂಪನಿಯದೇ ಎರಡು ಬ್ಯಾಟರಿಗಳು ಇದ್ದವು. ಎರಡರ ಮೇಲೂ, ಪಾತ್ರೆ ಅಂಗಡಿಯಲ್ಲಿ ಪಾತ್ರೆಗೆ ಹೆಸರು ಕೊರೆಯುವ ಹಾಗೆ, ಶ್ರೀಮತಿ ನಾರಾಯಣಮ್ಮ ಚಿಕ್ಕಬೈರಪ್ಪ ಎಂದು ಕೊರೆದಿತ್ತು. ಡಬ್ಬದ ಮೇಲಿನ ಬರಹವನ್ನು ಎರಡು ಸಲ ಓದಿದೆ. ಹಾಕಿ ಎಂದಿತ್ತು, ತೆಗೆಯಬೇಡಿ ಎಂದಿರಲಿಲ್ಲ. ಯಾರನ್ನಾದರೂ ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದರೆ ಬೇಡ ಎನ್ನುತ್ತಾರೆಂಬ ಭಯ. ಅದೊಂದು ನನ್ನ ತಪ್ಪು, ಒಪ್ಪುತ್ತೇನೆ.

ಆದರೆ ಚೀಲದಲ್ಲಿ ನಾಲ್ಕು ಬ್ಯಾಟರಿಗಳಾದರೆ ಗೇಟಿನಲ್ಲಿ ಲೆಕ್ಕ ತಪ್ಪುತ್ತದೆ. ಹೇಗೂ ಹಾಕಲೆಂದೇ ಬಂದವನು, ನನ್ನ ಎರಡನ್ನು ಡಬ್ಬಕ್ಕೆ ಹಾಕಿ, ಅಲ್ಲಿದ್ದ ಎರಡನ್ನು ತೆಗೆದುಕೊಂಡೆ. ಗೇಟಿನಲ್ಲಿ ದ್ಯಾಮಣ್ಣನವರು ಚೀಲ ನೋಡಿ, ಎರಡು ಬಂದ್ವು, ಎರಡು ಹೊಂಟ್ವು, ನಡಿ ತಮ್ಮಾ ಎಂದು ಸಹಿ ಹಾಕಿಸಿಕೊಂಡರು. ಬ್ಯಾಟರಿಗಳು ಬದಲಾದದ್ದು ಅವರಿಗೆ ಗೊತ್ತಿಲ್ಲ. ಇದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಅವತ್ತೇ ಸಂಜೆ ತಿರುಮಲೇಶ ಅವರು ಎರಡನ್ನೂ ಬಿಚ್ಚಿದರು. ಇಪ್ಪತ್ತು ಸೆಲ್ಲುಗಳಲ್ಲಿ ಹದಿಮೂರು ಚೆನ್ನಾಗಿದ್ದವು. ಅದರಲ್ಲಿ ಹತ್ತನ್ನು ಆರಿಸಿ, ಹೆಸರು ಕೊರೆದ ಅದೇ ಹೊರಡಬ್ಬಿಯೊಂದರಲ್ಲಿ ಕೂರಿಸಿ ಒಂದು ಬ್ಯಾಟರಿ ಮಾಡಿಕೊಟ್ಟರು. ಕೂಲಿ 350 ರೂಪಾಯಿ. ಮೊದಲ ಹತ್ತು ದಿನ ಚಾರ್ಜಿಗೆ ಹಾಕಿದಾಗಲೆಲ್ಲ ಮರಳಿನ ಬಕೆಟ್ ಪಕ್ಕದಲ್ಲಿಟ್ಟುಕೊಂಡು, ಮುಂಗೈಯಿಂದ ಮುಟ್ಟಿ ಮುಟ್ಟಿ ನೋಡುತ್ತಾ ಕೂತಿದ್ದೆ. ಬಿಸಿಯಾಗಲಿಲ್ಲ. ದಿನಕ್ಕೆ ನಾಲ್ಕು ಕಿಟಕಿಗಳ ಕೆಲಸ ಆರಾಮಾಗಿ ಎಳೆಯಿತು.

ನಿನ್ನೆ, ದಿನಾಂಕ 4-12-2025ರ ಗುರುವಾರ, ಅದೇ ಅಪಾರ್ಟ್‌ಮೆಂಟಿನ 304ನೇ ಮನೆಯ ಶಾಲಿನಿ ಮೇಡಂ ಕರೆದಿದ್ದರು. ಬೆಳಿಗ್ಗೆ 11:20ಕ್ಕೆ ಅವರ ಬಾಗಿಲಿಗೆ ಪರದೆ ಕೂರಿಸುತ್ತಿದ್ದಾಗ ಚಿಕ್ಕಬೈರಪ್ಪನವರು ಮೆಟ್ಟಿಲು ಹತ್ತಿ ಬಂದು ನನ್ನಿಂದ ಎರಡು ಅಡಿ ದೂರದಲ್ಲಿ ನಿಂತರು.

ಏಯ್, ನಿಲ್ಸು. ನಿನ್ ಮೆಷಿನ್ ಮೇಲೆ ನನ್ ಹೆಂಡ್ತಿ ಹೆಸರು ಯಾಕಯ್ಯಾ ಕೂತಿದೆ ಎಂದು ಕೇಳಿದರು.

ನೀವ ಒಗದಿದ್ರಿ ಸಾಹೇಬ್ರ, ಕೆಳಗಿನ ಡಬ್ಬ್ಯಾಗಿಂದ ತಗೊಂಡೀನ್ರಿ ಎಂದೆ. ಮುಚ್ಚಿಡಲಿಲ್ಲ.

ಬಿಸಾಕಿದ ಮಾತ್ರಕ್ಕೆ ನಂದಲ್ಲ ಅಂತಾಯ್ತಾ? ಇದು ನಮ್ಮಪ್ಪನ ರಾಗಿ ಹೊಲ ಕಣಯ್ಯಾ. ಈ ನೆಲದ್ ಮೇಲೆ ಬಿದ್ದಿರೋ ಕಸಾನೂ ನಂದೇ ಎಂದರು.

ಆಗ ನಾನು, ಹಂಗಾರ ಇಲ್ಲಿ ಸೊಳ್ಳೀನೂ ನಿಮ್ಮವ ಏನ್ರಿ ಎಂದೆ. ಶಾಲಿನಿ ಮೇಡಂ ನಕ್ಕರು. ಚಿಕ್ಕಬೈರಪ್ಪನವರಿಗೆ ಸಿಟ್ಟು ಬಂದದ್ದು ಆಗ. ಹೆದರಿದಾಗ ನನ್ನ ಬಾಯಿ ಹಾಗೇ. ಅಂದದ್ದು ನಿಜವಾದ್ದರಿಂದ ಅದನ್ನೂ ಬರೆದಿದ್ದೇನೆ.

ಅವರ ಮಗ, ಅಸೋಸಿಯೇಷನ್ನಿನ ಸೆಕ್ರೆಟರಿ ಶಶಿಧರ್ ಅವರು ಬಂದು ಗೇಟಿನ ಪುಸ್ತಕ ತರಿಸಿದರು. 8-11ರ ಪುಟದಲ್ಲಿ ಬಂದದ್ದು ಎರಡು, ಹೋದದ್ದು ಎರಡು ಎಂದು ಇರುವುದನ್ನು ನೋಡಿ, ಲೆಕ್ಕ ಸರಿಮಾಡ್ಕೊಂಡೇ ಎತ್ಕೊಂಡೋಗಿದ್ದಾನೆ, ಪ್ಲಾನ್ ಇಲ್ದೆ ಹಿಂಗ್ ಮಾಡಕ್ಕಾಗಲ್ಲ, ಸೆಕ್ಯುರಿಟೀನೂ ಸೇರ್ಕೊಂಡಿದ್ದಾನೆ ಎಂದರು. ನಾನು ಹಾಕಿದ ಎರಡನ್ನು ತೋರಿಸೋಣವೆಂದರೆ ಡಬ್ಬ ಖಾಲಿ. ಕಳೆದ ಶನಿವಾರವೇ ಗಾಡಿಯವರು ಬಂದು ಒಯ್ದಿದ್ದರಂತೆ. ಕದ್ದವನಾಗಿದ್ದರೆ ಹೆಸರನ್ನು ಬ್ಲೇಡಿನಿಂದ ಕೆರೆದು ಹಾಕುತ್ತಿದ್ದೆ, ಒಂದು ನಿಮಿಷದ ಕೆಲಸ, ಅದೇ ಹೆಸರು ಕಾಣುವ ಹಾಗೆ ಇದೇ ಕಟ್ಟಡಕ್ಕೆ ಯಾಕೆ ಬರುತ್ತಿದ್ದೆ ಎಂದು ಕೇಳಿದೆ. ಅದಕ್ಕೆ ಅವರು ಮಧ್ಯಾಹ್ನ 12:30ಕ್ಕೆ ಠಾಣೆಗೆ ಫೋನ್ ಮಾಡಿದರು.

ಇವತ್ತು ಬೆಳಿಗ್ಗೆ 10 ಗಂಟೆಗೆ ಕರೆಸಿದ ಪ್ರಕಾರ ಠಾಣೆಗೆ ಬಂದೆ. ಹೆಡ್ ಕಾನ್ಸ್‌ಟೇಬಲ್ ಚೂಡಾಮಣಿ ಮೇಡಂ ನನ್ನನ್ನು ಕೂರಿಸಿ ನೀರು ಕೊಟ್ಟರು. ಶಶಿಧರ್ ಅವರು ಟೈಪ್ ಮಾಡಿಸಿ ತಂದ ಕಾಗದವನ್ನು ನನ್ನ ಮುಂದಿಟ್ಟರು. ಅದರಲ್ಲಿ ಮೂರು ಸಾಲುಗಳಿದ್ದವು. ತಿಳಿಯದೆ ತೆಗೆದುಕೊಂಡೆ ಎಂದು ಒಂದು. ಸೆಕ್ಯುರಿಟಿ ದ್ಯಾಮಣ್ಣನ ಸಹಾಯದಿಂದ ತೆಗೆದುಕೊಂಡೆ ಎಂದು ಎರಡು. ಇದನ್ನು ನನ್ನ ಫೋಟೋ ಸಮೇತ ಅಪಾರ್ಟ್‌ಮೆಂಟುಗಳ ವಾಟ್ಸಾಪ್ ಗುಂಪಿನಲ್ಲಿ ಹಾಕಲು ಒಪ್ಪಿದ್ದೇನೆ ಎಂದು ಮೂರು.

ಮೂರೂ ಆಗದು ಎಂದೆ. ತಿಳಿದೇ ತೆಗೆದುಕೊಂಡಿದ್ದೇನೆ. ಸಹಾಯ ಯಾರೂ ಮಾಡಿಲ್ಲ. ಆ ಫೋಟೋ ಹೋದರೆ ಬನ್ನೇರುಘಟ್ಟ ರಸ್ತೆಯಲ್ಲಿ ಒಂದು ಗೇಟೂ ನನ್ನನ್ನು ಒಳಗೆ ಬಿಡುವುದಿಲ್ಲ.

ಶಶಿಧರ್ ಅವರು, ನಿಮ್ಗೇನ್ ತೊಂದ್ರೆ ಆಗಲ್ಲ, ವಾಚ್‌ಮನ್ ವಿಷ್ಯ ನಮಗೆ ಬಿಡಿ, ಸೈನ್ ಹಾಕಿ ಹೋಗ್ತಾ ಇರಿ ಎಂದರು. ಚೂಡಾಮಣಿ ಮೇಡಂ ಕೂಡ, ಒಂದ್ ಸಹಿಗೆ ಯಾಕ್ರೀ ಇಷ್ಟು ಹಟ, ಊಟದ ಟೈಮಾಯ್ತು, ಕೇಸಾದ್ರೆ ಕೋರ್ಟಿಗೆ ಅಲೀತೀರ, ಹಾಕ್ಬಿಡಿ ಎಂದರು. ಅವರು ಕೆಟ್ಟದ್ದಕ್ಕೆ ಹೇಳಲಿಲ್ಲ.

ಮಗನ ಜೊತೆ ಠಾಣೆಗೆ ಬಂದಿದ್ದ ಚಿಕ್ಕಬೈರಪ್ಪನವರು ಮೇಜಿನ ಮೇಲಿದ್ದ ಮೆಷಿನ್ನಿನ ಗುಂಡಿ ಒತ್ತಿ ನೋಡಿದರು. ಅದು ಗಿರ್ರೆಂದು ತಿರುಗಿತು. ಇನ್ನೊಮ್ಮೆ ಒತ್ತಿ ನೋಡಿ, ನಾನು ಹೊಸದು ತಗೊಂಡ್ನಲ್ಲಯ್ಯಾ ಇದು ಸತ್ತೋಯ್ತು ಅಂತ, ಹೋಗ್ಲಿ, ಬ್ಯಾಟರಿ ನಂಗೇ ಕೊಟ್ಬಿಡು, ಲೆಟರೂ ಬೇಡ ಏನೂ ಬೇಡ ಎಂದರು. ಕೊಡುತ್ತೇನೆ, ಆದರೆ ನೀವು ಎಸೆದದ್ದನ್ನು ನಾನು ತೆಗೆದುಕೊಂಡು ಈಗ ವಾಪಸ್ ಕೊಟ್ಟಿದ್ದೇನೆ, ದ್ಯಾಮಣ್ಣನ ತಪ್ಪಿಲ್ಲ, ಅವನ ಕೆಲಸ ತೆಗೆಯುವುದಿಲ್ಲ ಎಂದು ನೀವು ಬರೆದುಕೊಡಬೇಕು ಎಂದೆ. ನಾನ್ ಬರ್ಕೊಡ್ಬೇಕಾ, ನಿಂಗಾ ಎಂದು ಎದ್ದು ಹೊರಗೆ ಹೋದರು.

ದ್ಯಾಮಣ್ಣನವರೂ ಠಾಣೆಯ ಬಾಗಿಲಲ್ಲೇ ನಿಂತಿದ್ದರು. ಬರ್ದು ಕೊಟ್ಬಿಡು ತಮ್ಮಾ, ನಾ ಬ್ಯಾರೆ ಗೇಟ್ ನೋಡ್ಕೊಂತೀನಿ, ನಿಂಗ ಸಂಸಾರ ಐತಿ ಎಂದರು. ನಿಮ್ಗೂ ಐತಲ್ರೀ ಎಂದೆ. ಅವರು ಟೋಪಿ ತೆಗೆದು ಒಳಗಿನ ಬೆವರು ಒರೆಸಿಕೊಂಡರು. 1:15ಕ್ಕೆ ಮಧುಮತಿ ಫೋನ್ ಮಾಡಿ, ಸುಮ್ನ ಸಹಿ ಮಾಡಿ ಬರ್ರಿ, ನಾಳಿ ಜಯನಗರದಾಗ ಹನ್ನೊಂದು ಕಿಟಕಿ ಅದಾವು, ಮಿಷನ್ ಇಲ್ದ ಏನ್ ಮಾಡ್ತೀರಿ ಎಂದು ಅತ್ತಳು. ಕೈಯಿಂದ ತಿರುವುತ್ತೇನೆ ಎಂದೆ. ಒಂದು ಕಿಟಕಿಗೆ ಹದಿನಾರು ಸ್ಕ್ರೂ. ಒಟ್ಟು ಎಷ್ಟೆಂದು ಲೆಕ್ಕ ಹಾಕಲಿಲ್ಲ.

ನನಗೆ ಹೆದರಿಕೆ ಇಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ತಪ್ಪು ಬರೆದು ಮೊದಲ ಹಾಳೆ ಹಾಳಾಯಿತು, ಅದನ್ನು ಎರಡನೇ ಸಲ ಬರೆದಿದ್ದೇನೆ. ಮೆಷಿನ್ನು ಎಷ್ಟು ದಿನ ಬೇಕಾದರೂ ಠಾಣೆಯಲ್ಲಿರಲಿ. ಕೋರ್ಟಿಗೆ ಕರೆದರೆ ಬರುತ್ತೇನೆ, ಅಲ್ಲಿಯೂ ಇದನ್ನೇ ಹೇಳುತ್ತೇನೆ. ಟೈಪ್ ಮಾಡಿದ ಕಾಗದಕ್ಕೆ ಸಹಿ ಹಾಕಿಲ್ಲ, ಹಾಕುವುದೂ ಇಲ್ಲ.

ಮೇಲೆ ಬರೆದದ್ದೆಲ್ಲವೂ ನಡೆದದ್ದು ನಡೆದ ಹಾಗೆ ಇದೆ. ಎರಡು ಸಲ ಓದಿ ನೋಡಿ ಸಹಿ ಮಾಡಿದ್ದೇನೆ. ಇದನ್ನು ಯಾರೂ ಒತ್ತಾಯ ಮಾಡಿ ಬರೆಸಿಲ್ಲ. ಬರೆಯಬೇಡ, ಆ ಕಾಗದಕ್ಕೇ ಸಹಿ ಹಾಕು ಎಂದು ಒತ್ತಾಯ ಮಾಡಿದವರು ನಾಲ್ವರಿದ್ದಾರೆ, ಅವರ ಹೆಸರುಗಳನ್ನೂ ಮೇಲೆ ಬರೆದಿದ್ದೇನೆ.

ಸ್ಥಳ: ಬೆಂಗಳೂರು
ದಿನಾಂಕ: 5-12-2025, ಮಧ್ಯಾಹ್ನ 2:50

(ಸಹಿ) ಗುರುಸಿದ್ದ ಲಕ್ಕಪ್ಪ