ಪಕ್ಕದ ಖಾಲಿ ಸೈಟಿನ ಹುಲ್ಲು

ಓಹಿಯೋದ ಒಂದು ಊರಿನ ಬಸ್ಸಿನಲ್ಲಿ ಕರ್ಟಿಸನ ಹಿಂದಿನ ಸೀಟಿನ ಇಬ್ಬರು ಮುದುಕಿಯರ ದನಿ ಏರಿತ್ತು. ಅವನು ಪೇಪರು ಮಡಿಚಿ ಕಿವಿಗೊಟ್ಟ.

“ಹುಲ್ಲು ಕತ್ತರಿಸದೆ ಎತ್ತರ ಬೆಳೆಯೋಕೆ ಬಿಟ್ಟಿದ್ದಕ್ಕೆ ನಂಗೆ ದಂಡವಂತೆ ಕಣೇ ವರ್ಲೀನ್! ಪಕ್ಕದ ಖಾಲಿ ಸೈಟು ನಂದಾ?”

“ನಗರಸಭೇದು, ಒಡೆಸ್ಸಕ್ಕಾ. ಆದ್ರೆ ಪ್ರತಿ ಬೇಸಿಗೇಲೂ ನೀನೇ ಕತ್ತರಿಸ್ತಿದ್ದೆಯಲ್ಲ?”

“ಹೆಗ್ಗಣ ಬರ್ತಾವೆ ಅಂತ ಕತ್ತರಿಸ್ತಿದ್ದೆ. ಈ ವರ್ಷ ಮಂಡಿನೋವು, ಬಿಟ್ಟೆ.”

“ಅದಕ್ಕೇ ದಂಡ ಹಾಕಿದ ನಗರಸಭೆ ಇನ್ಸ್‌ಪೆಕ್ಟರು ಸೈಟು ನಿಂದೇ ಅಂದ್ಕೊಂಡಿದಾನೆ.”

“ಅವನ ತಲೆ! ಹೋದ್ವರ್ಷ ಅಲ್ಲೇ ಟೊಮೆಟೊ ಹಾಕಿದ್ರೆ, ‘ಇದು ನಗರಸಭೆ ಜಾಗ, ಮನೆ ಕಟ್ಟೋಕೆ ಮಾತ್ರ’ ಅಂತ ಬುಡಸಮೇತ ಕೀಳಿಸಿದ್ದು ಇದೇ ಮಹಾಶಯ!”

“ಈಗೇನ್ಮಾಡ್ತೀಯ?”

“ದಂಡ ಹಾಕಿದ್ಮೇಲೆ ಸೈಟು ನಂದೇ ತಾನೆ? ನಡಿ, ಅವನ ಬಾಯಲ್ಲೇ ಹೇಳಿಸ್ತೀನಿ.”

ಬಸ್ಸು ನಗರಸಭೆಯ ಮುಂದೆ ನಿಂತಿತು. ಕೋಲೂರಿ ಇಳಿಯುತ್ತಿದ್ದ ಒಡೆಸ್ಸಳ ಕೈಚೀಲದಿಂದ ಟೊಮೆಟೊ ಸಸಿಗಳು ಇಣುಕುತ್ತಿದ್ದವು.